ತೊಳೆದಿಟ್ಟ ಕಲ್ಲು

ಚನ್ನಪಟ್ಟಣದ ಶರ್ಫುನ್ನೀಸಾ ಮೊದಲ ಸಲ ಗಂಡಿನ ಮನೆ ನೋಡಿಕೊಂಡು ಹೋದ ಮೇಲೆ ಆಡಿದ ಮಾತು ರಾಮನಗರ ತಲುಪಲು ವಾರವೂ ಬೇಕಾಗಲಿಲ್ಲ. ಹುಡುಗ ಒಳ್ಳೆಯವನು, ಜನ ಮರ್ಯಾದಸ್ಥರು, ಆದರೆ ಮನೆ ತುಂಬ ಹುಳದ ವಾಸನೆ, ನನ್ನ ಮಗಳು ನಿಖಾತ್ ಅಲ್ಲಿ ಕೂತು ಹೇಗೆ ಉಂಡಾಳು ಎಂದಿದ್ದರಂತೆ. ಅವರದು ಬೊಂಬೆ ಮಾಡುವ ಮನೆತನ. ಅವರ ಮನೆಯೊಳಗೆ ಕಾಲಿಟ್ಟರೆ ಮರದ ಹೊಟ್ಟಿನದೂ ಬಿಸಿ ಅರಗಿನದೂ ವಾಸನೆ. ರೇಷ್ಮೆ ಗೂಡು ಬೇಯಿಸುವ ಮನೆಯ ವಾಸನೆ ಅವರಿಗೆ ಒಗ್ಗಿರಲಿಲ್ಲ.

ಮಾತನ್ನು ಹೊತ್ತು ತಂದವನು ಮದುವೆಯ ಗಂಡು ಆಫ್ತಾಬನೇ. ರಾತ್ರಿ ಊಟಕ್ಕೆ ಕೂತಾಗ ಹೇಳಿದ. ಅವನ ತಂದೆ ಹುಸೇನ್ ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು.

"ನೀನು ಇಷ್ಟುದ್ದ ಬೆಳೆದಿದ್ದು ಆ ಹುಳದಿಂದಲೇ ಕಣೋ. ಅದನ್ನ ಅವರಿಗೆ ಹೇಳಿದ್ಯಾ?"

"ನಾನೆಲ್ಲಿ ಇಲ್ಲ ಅಂದೆ ಅಬ್ಬಾ. ಅವರು ಇನ್ನೊಂದ್ಸಲ ಬತ್ತಾರೆ, ಭಾನ್ವಾರ ಊಟಕ್ಕೆ. ಅಷ್ಟೊತ್ತಿಗೆ ಒಸಿ ಕ್ಲೀನ್ ಮಾಡ್ಸಿ ಅಂದೆ, ಅಷ್ಟೆಯ."

ಹುಸೇನರ ತಾಯಿ ಅಮೀರುನ್ನೀಸಾ ಸೊಸೆಯ ಕಡೆ ತಿರುಗಿದರು. "ಸಾಬಿರಾ, ಈ ಸಲ ಆಕೆ ಮೂಗಿಗೆ ಸೆರಗು ಹಿಡ್ಕೊಂಡು ಕೂತ್ಕೊಬಾರ್ದು ನೋಡು. ಮನೆ ಮರ್ಯಾದೆ ನಿನ್ ಕೈಲೈತೆ."

ಹೀಗೆ ಆ ವಾರದ ಕೆಲಸ ಸಾಬಿರಾಳ ಪಾಲಿಗೆ ಬಂತು. ಹಿತ್ತಿಲಿನ ಶೆಡ್ಡಿನಲ್ಲಿ ನೂಲು ತೆಗೆಯುವ ಬೇಸಿನ್‌ಗಳಿದ್ದವು. ಅಲ್ಲಿನ ಬಿಸಿನೀರಿನ ಆವಿ ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುತ್ತಿತ್ತು. ಆ ವಾಸನೆ ಪರದೆಯಲ್ಲಿತ್ತು, ಹಾಸಿಗೆಯಲ್ಲಿತ್ತು, ಬೀರುವಿನಲ್ಲಿಟ್ಟ ಸೀರೆಗಳ ಮಡಿಕೆಯಲ್ಲಿತ್ತು. ಸಾಬಿರಾ ಒಂದೊಂದನ್ನೇ ಇಳಿಸಿದಳು. ವಾಷಿಂಗ್ ಸೋಡ ಹಾಕಿದ ಬಿಸಿನೀರಿನಲ್ಲಿ ಕುದಿಸಿ ತೆಗೆದರೆ ಹೋಗದ ವಾಸನೆಯಿಲ್ಲ ಎಂದು ಅವಳ ಅತ್ತೆಯೇ ಅವಳಿಗೆ ಕಲಿಸಿದ್ದರು. ಗೂಡಿನ ಅಂಟು ಕೂಡ ತಣ್ಣೀರಿಗೆ ಜಗ್ಗುವುದಿಲ್ಲ. ಬಿಸಿಗೆ ಬಿಡುತ್ತದೆ.

ಆ ಮನೆಗೆ ಮಿಸ್ಬಾ ಬಂದದ್ದು ಸೋಮವಾರ. ಆಫ್ತಾಬನ ಅಕ್ಕ, ಅವನಿಗಿಂತ ಎರಡು ವರ್ಷ ದೊಡ್ಡವಳು. ಪಶ್ಚಿಮ ಕರಾವಳಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಸಮುದ್ರದ ತಳದ ಬಂಡೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಬೆನ್ನಿಗೊಂದು ಬ್ಯಾಗು, ಕೈಯಲ್ಲೊಂದು ನೀಲಿ ಪ್ಲಾಸ್ಟಿಕ್ ಪೆಟ್ಟಿಗೆ. ಬೆಂಗಳೂರಿನ ಲ್ಯಾಬಿನಲ್ಲಿ ಅವಳಿಗೆ ಮಾದರಿ ಪರೀಕ್ಷಿಸುವ ಒಂದು ಯಂತ್ರದ ಸರದಿ ಸಿಕ್ಕಿತ್ತು. ಬಂದು ನೋಡಿದರೆ ಯಂತ್ರ ಕೆಟ್ಟು ಕೂತಿತ್ತು, ಮುಂದಿನ ವಾರ ಬನ್ನಿ ಎಂದಿದ್ದರು. ಅಲ್ಲಿಯವರೆಗೆ ಊರಿನಲ್ಲಿದ್ದು, ದಿನಾ ರೈಲಿನಲ್ಲಿ ಹೋಗಿ ಬೇರೆ ತಯಾರಿ ಮಾಡಿಕೊಳ್ಳುತ್ತೇನೆ ಎಂದಳು. ತಾಯಿಗೆ ಖುಷಿಯಾಯಿತು. ಆರು ತಿಂಗಳಿಂದ ಮಗಳು ಮನೆಯ ಊಟ ಉಂಡಿರಲಿಲ್ಲ.

ಹುಸೇನ್ ಪೆಟ್ಟಿಗೆಯಲ್ಲಿ ಏನಿದೆ ನೋಡಬೇಕೆಂದರು. ಮಿಸ್ಬಾ ಅದನ್ನು ಶೆಡ್ಡಿಗೇ ತಂದು ಮುಚ್ಚಳ ತೆಗೆದಳು. ಒಳಗೆ ದಪ್ಪ ಪಾರದರ್ಶಕ ಚೀಲಗಳಲ್ಲಿ, ಹಡಗಿನಲ್ಲಿ ಹೋಗಿ ಸಮುದ್ರದ ತಳದಿಂದ ತಂದ ಮೂರು ಕಲ್ಲುಗಳಿದ್ದವು. ಗಾಳಿ ಸೋಕದಂತೆ ಬೇರೆ ಗ್ಯಾಸ್ ತುಂಬಿ ಚೀಲದ ಬಾಯಿಯನ್ನು ಕಾಯಿಸಿ ಅಂಟಿಸಲಾಗಿತ್ತು. ಕಲ್ಲುಗಳು ಮುರಿದ ಕೊಳವೆಯ ಚೂರುಗಳಂತಿದ್ದವು. ಒಳಮೈಯಲ್ಲಿ ಹಿತ್ತಾಳೆಯ ಮಿರುಗು, ನಡುವೆ ಕಪ್ಪು, ಹೊರಗೆ ಬೂಷ್ಟು ಹಿಡಿದಂತೆ ಒರಟು ಬಿಳಿ ಸಿಪ್ಪೆ.

ಬೇಸಿನ್ ಮುಂದೆ ಕೂತಿದ್ದ ಸಿದ್ದಮ್ಮ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಉಯ್ಯಂಬಳ್ಳಿ ಕಡೆಯವಳು, ಮಿಸ್ಬಾ ಹುಟ್ಟುವ ಮುಂಚಿನಿಂದ ಈ ಮನೆಯ ನೂಲು ತೆಗೆಯುತ್ತಿದ್ದಳು. "ಇದ್ಕೆ ಹಡಗು ಬೇಕಾಯ್ತೇನವ್ವ? ನಮ್ಮೂರಲ್ಲಿ ಎಡವಿದ್ರೆ ಕಲ್ಲು."

"ಇದು ಹುಟ್ಟೋದು ಬೇರೆ ಥರ ಸಿದ್ದಮ್ಮಕ್ಕ," ಎಂದಳು ಮಿಸ್ಬಾ. ಅವಳ ಮುಖ ಅರಳಿತು. "ಸಮುದ್ರದ ತಳದ ಬಂಡೇಲಿ ಬಿರುಕು ಇರ್ತಾವೆ. ತಣ್ಣೀರು ಅದರೊಳಗೆ ಇಳಿದು ಇಳಿದು ಹೋಗ್ತದೆ. ಕೆಳಗೆ ಬೆಂಕಿಯಂಥ ಕಾವು. ನೀರು ಕಾದು, ಬಂಡೇಲಿರೋ ತಾಮ್ರ, ಕಬ್ಬಿಣ, ಗಂಧಕ ಎಲ್ಲ ಕರಗಿಸ್ಕೊಂಡು ಮೇಲಕ್ಕೆ ನುಗ್ತದೆ. ಮೇಲೆ ತಣ್ಣೀರು ಸೋಕಿದ ತಕ್ಷಣ ಹೊತ್ಕೊಂಡು ಬಂದಿದ್ದನ್ನೆಲ್ಲ ಅಲ್ಲೇ ಕೆಡವ್ತದೆ. ಕೆಡವಿ ಕೆಡವಿ ಕೊಳವೆ ಬೆಳೀತದೆ, ಒಲೆ ಚಿಮಣಿ ಇದ್ದಂಗೆ."

"ಅಂದ್ರೆ ಅಲ್ಲೂ ಒಂದು ಬೇಸಿನ್ ಉರೀತಾ ಐತೆ ಅನ್ನು," ಎಂದಳು ಸಿದ್ದಮ್ಮ. "ಯಾರು ಸಾವ್ಕಾರ?"

ಹುಸೇನ್ ನಕ್ಕರು. ಮಿಸ್ಬಾಳೂ ನಕ್ಕಳು. ಸಾಬಿರಾ ಟೀ ಲೋಟಗಳನ್ನು ಹಿಡಿದು ಒಳಗೂ ಹೊರಗೂ ಓಡಾಡುತ್ತಿದ್ದಳು. ಅವಳ ಕಿವಿಗೆ ಬಿದ್ದದ್ದು ಅಷ್ಟಿಷ್ಟು: ಕುದಿಯುವ ನೀರು, ತಾಮ್ರ, ಗಂಧಕ. ಉಳಿದದ್ದನ್ನು ಮಿಸ್ಬಾ ತಂದೆಗೆ ಮಾತ್ರ ವಿವರಿಸಿದಳು. ತನ್ನ ಕೆಲಸವೆಲ್ಲ ಇರುವುದು ಆ ಬಿಳಿ ಸಿಪ್ಪೆಯಲ್ಲಿ, ಅದು ಸಮುದ್ರದ ನೀರು ಕಾದಾಗ ಬಿಡುವ ಒಂದು ಉಪ್ಪು, ಅದನ್ನು ಅಳೆದರೆ ಆಳದಿಂದ ಬಂದ ನೀರೆಷ್ಟು, ಮೇಲಿನದೆಷ್ಟು, ಅದು ಎಂಥ ಬಂಡೆ ಹಾಯ್ದು ಬಂತು ಎಂದು ತಿಳಿಯುತ್ತದೆ. ಕೊಳವೆ ಆರಿದ ಮೇಲೆ ಆ ಸಿಪ್ಪೆ ಸಮುದ್ರದಲ್ಲೇ ಕರಗಿಹೋಗುವುದರಿಂದ ಸಿಕ್ಕುವುದು ಅಪರೂಪ. ಉರಿಯುತ್ತಿದ್ದ ಕೊಳವೆಯಿಂದಲೇ ಮುರಿದು ತಂದದ್ದರಿಂದ ಈ ಮೂರರಲ್ಲಿ ಉಳಿದಿದೆ. ಇವುಗಳ ಲೆಕ್ಕ ಕೈಗೆ ಬಂದರೆ ಬೇಸಿಗೆಯೊಳಗೆ ಥೀಸಿಸ್ ಮುಗಿಯುತ್ತದೆ, ಮುಂದಿನ ಹಡಗಿನಲ್ಲೂ ತನ್ನ ಹೆಸರಿರುತ್ತದೆ.

"ಬೇಸಿಗೆಗೆ ಮುಗುಸ್ಬುಡು," ಎಂದರು ಹುಸೇನ್. "ಆಮೇಲೆ ಮೊಮ್ಮಗಳ ಮದ್ವೆ ಅಂತ ಕೂತಿರೋ ನಿನ್ ದಾದಿ ಬಾಯಿ ಮುಚ್ಸೋದು ನನ್ ಕೈಲಾಗಲ್ಲ."

ಪೆಟ್ಟಿಗೆಯನ್ನು ಮಿಸ್ಬಾ ಉಗ್ರಾಣದ ಮೇಲಿನ ಹಲಗೆಯಲ್ಲಿಟ್ಟಳು. ಅದಕ್ಕೆ ಯಾರೂ ಕೈ ಹಚ್ಚಬಾರದು, ಕೈಯ ಬೆವರು ತಾಗಿದರೂ ಲೆಕ್ಕ ತಪ್ಪುತ್ತದೆ ಎಂದು ತಾಯಿಗೆ ಹೇಳಿದಳು. ಸಾಬಿರಾ ತಲೆಯಾಡಿಸಿದಳು. ಎಣ್ಣೆಗೈ ತಾಗಿದರೆ ನೂಲು ಕೆಡುವುದನ್ನು ಅವಳು ಕಂಡವಳು.

ಗುರುವಾರ ಸಂಜೆ ಆಫ್ತಾಬ್ ಪೆಟ್ಟಿಗೆ ಇಳಿಸಿದ. ನಿಖಾತಳಿಗೆ ಫೋಟೋ ಕಳಿಸಬೇಕಿತ್ತು. ನಮ್ಮ ಅಕ್ಕ ಹಡಗಿನಲ್ಲಿ ಹೋಗಿ ಚಿನ್ನದಂಥ ಕಲ್ಲು ತಂದಿದ್ದಾಳೆ ಎಂದು ಆಗಲೇ ಬರೆದುಬಿಟ್ಟಿದ್ದ. ಚೀಲದ ಮೇಲೆ ದೀಪ ಹೊಳೆದು ಫೋಟೋ ಚೆನ್ನಾಗಿ ಬರಲಿಲ್ಲ. ಒಂದು ಚೀಲದ ಮೂಲೆಯನ್ನು ಬ್ಲೇಡಿನಿಂದ ಸೀಳಿ, ಬಗ್ಗಿಸಿ ಹಿಡಿದು ಫೋಟೋ ತೆಗೆದ. ಮತ್ತೆ ಟೇಪು ಹಚ್ಚಿ ಇಟ್ಟ. ಟೇಪು ಸರಿಯಾಗಿ ಅಂಟಿತ್ತೋ ಇಲ್ಲವೋ ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಮಿಸ್ಬಾ ರೈಲಿಗೆ ಹೋದ ಮೇಲೆ ಅಮೀರುನ್ನೀಸಾ ಉಗ್ರಾಣದ ಬಾಗಿಲಲ್ಲಿ ನಿಂತು ಸೊಸೆಯನ್ನು ಕರೆದರು.

"ಇಲ್ಲಿ ಯಾವ್ದೋ ಮೊಟ್ಟೆ ಕೊಳೆತದೆ."

ಸಾಬಿರಾ ಅಕ್ಕಿ ಡಬ್ಬ ಸರಿಸಿದಳು, ಈರುಳ್ಳಿ ಚೀಲ ಸುರಿದಳು, ಇಲಿ ಸತ್ತಿದೆಯೇನೋ ಎಂದು ಮೂಲೆ ಮೂಲೆಗೆ ಟಾರ್ಚು ಬಿಟ್ಟಳು. ಕೊನೆಗೆ ವಾಸನೆಯ ಮೂಲ ನೀಲಿ ಪೆಟ್ಟಿಗೆಯಲ್ಲಿ ಟೇಪು ಬಿಟ್ಟುಕೊಂಡಿದ್ದ ಒಂದು ಚೀಲ ಎಂದು ತಿಳಿಯಿತು. ಮನೆಯೆಲ್ಲ ತೊಳೆದು, ಸಾಂಬ್ರಾಣಿ ಹಾಕಿ, ಪರದೆಗೆ ಇಸ್ತ್ರಿ ಮಾಡಿ ಮುಗಿಸಿದ್ದಳು. ಮಾರನೆಯ ದಿನ ಮಧ್ಯಾಹ್ನ ಶರ್ಫುನ್ನೀಸಾ ಊಟಕ್ಕೆ ಬರುವವರಿದ್ದರು.

"ಆಚೆಗೆ ಎಸಿ," ಎಂದರು ಅತ್ತೆ.

"ಅದು ಮಿಸ್ಬಾಳ ಓದು, ಅಮ್ಮಿಜಾನ್."

"ಓದು ನಾರ್ತದೇನೆ? ಅವಳ ತಮ್ಮನ ಮದುವೆ ಮುರಿದ್ರೆ ಆ ಕಲ್ಲು ಬಂದು ಕೂಡಿಸ್ತದಾ?"

ಸಾಬಿರಾ ಮಗಳಿಗೆ ಫೋನ್ ಮಾಡಿದಳು. ಲ್ಯಾಬಿನ ಒಳಗೆ ಫೋನ್ ಬಿಡುವುದಿಲ್ಲವಾದ್ದರಿಂದ ಅದು ಆಫ್ ಆಗಿತ್ತು. ಮತ್ತೆ ಮಾಡಿದಳು. ತಾರಸಿಯ ಮೇಲೆ ಬಿಸಿಲಿಗಿಡೋಣವೆಂದುಕೊಂಡರೆ ಅಲ್ಲಿ ಕಾಗೆಗಳ ಕಾಟ, ಪಕ್ಕದ ಮನೆಯವರ ಮಕ್ಕಳು. ಎಸೆಯುವ ಮಾತೇ ಇಲ್ಲ. ಆಗ ಅವಳಿಗೆ ತೋಚಿದ್ದು, ಈ ಮನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಯಾವ ನಾತಕ್ಕೂ ಮಾಡಿಕೊಂಡು ಬಂದದ್ದೇ. ಕುದಿಯುವ ನೀರಲ್ಲಿ ಹುಟ್ಟಿದ ಕಲ್ಲಿಗೆ ಕುದಿಯುವ ನೀರು ಏನು ಮಾಡೀತು.

ಅವಳು ಉಡಾಫೆ ಮಾಡಲಿಲ್ಲ. ಶೆಡ್ಡಿನ ಮೂಲೆಯ ಸಣ್ಣ ಬೇಸಿನ್ನನ್ನು ಮರಳು ಹಾಕಿ ಉಜ್ಜಿ ತೊಳೆದಳು. ಬೋರ್‌ವೆಲ್ಲಿನ ಗಡಸು ನೀರು ಬಿಟ್ಟು, ಒಳ್ಳೆಯ ನೂಲಿಗೆಂದು ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದ ನಲ್ಲಿ ನೀರನ್ನೇ ಸುರಿದಳು. ಸೋಡ ಹಾಕಿ ಕುದಿ ಬರಿಸಿದಳು. ಬರಿಗೈ ಸೋಕದಂತೆ ಜಾಲರಿ ಸೌಟಿನಲ್ಲಿ ಕಲ್ಲನ್ನು ಇಳಿಬಿಟ್ಟಳು. ಒಂದನ್ನು ತೊಳೆದು ಎರಡನ್ನು ಬಿಟ್ಟರೆ ನಾಳೆ ಅವೂ ನಾತ ಹೊಡೆದಾವೆಂದು ಉಳಿದ ಎರಡು ಚೀಲಗಳನ್ನೂ ಕತ್ತರಿಸಿದಳು.

ಸಿದ್ದಮ್ಮ ಒಮ್ಮೆ ಕೇಳಿದಳು. "ಮಗೀಗೆ ಹೇಳಿದ್ದೀರೇನವ್ವ?"

"ಫೋನ್ ಎತ್ತಲಿಲ್ಲ. ಬರೋವಷ್ಟರಲ್ಲಿ ಒಣಗ್ತಾವೆ ಬಿಡು."

ಬಿಳಿ ಸಿಪ್ಪೆ ಮೆತ್ತಗಾಗಿ ಸುಣ್ಣದ ಕೆಸರಿನಂತೆ ಬಿಟ್ಟುಕೊಂಡಿತು. ಬಿಡದೆ ಅಂಟಿದ್ದ ಕಡೆ ಅವಳು ತೆಂಗಿನ ನಾರಿನಿಂದ ತಿಕ್ಕಿದಳು. ನೀರು ಬಸಿದು, ಮತ್ತೆ ಒಳ್ಳೆಯ ನೀರಿನಲ್ಲಿ ಜಾಲಿಸಿ, ಒಗೆದ ಬಿಳಿ ಬಟ್ಟೆಯ ಮೇಲೆ ಇಟ್ಟಳು. ಹಿತ್ತಾಳೆ ಬಣ್ಣ ಬಿಸಿಲಿಗೆ ಮಿರಮಿರ ಹೊಳೆಯಿತು. ವಾಸನೆ ಹೋಗಿತ್ತು. ಸಾಬಿರಾ ಒಂದು ಗಳಿಗೆ ನಿಂತು ನೋಡಿ, ಮಗಳಿಗೆ ಇಷ್ಟವಾಗುತ್ತದೆ ಎಂದುಕೊಂಡು ಮಸಾಲೆ ಅರೆಯಲು ಹೋದಳು.

ಮಿಸ್ಬಾ ಸಂಜೆ ಬಂದಳು. ಕೈಕಾಲು ತೊಳೆದು ಹಿತ್ತಿಲಿಗೆ ಬಂದವಳು ಆ ಬಟ್ಟೆಯ ಮುಂದೆ ನಿಂತುಬಿಟ್ಟಳು. ಎಷ್ಟು ಹೊತ್ತಾದರೂ ಒಳಗೆ ಬಾರದ್ದನ್ನು ಕಂಡು ತಾಯಿ ಹೊರಗೆ ಬಂದಳು.

"ಇದನ್ನ ಯಾರು ಅಮ್ಮಿ?"

"ನಾನೇ. ನಾರ್ತಿತ್ತು ಕಣೆ. ಬರಿಗೈ ಹಚ್ಚಲಿಲ್ಲ."

"ಎಂಥ ನೀರು?"

"ಒಳ್ಳೇ ನೀರೇ. ನಲ್ಲೀದು. ಸೋಡ ಹಾಕ್ದೆ."

ಮಿಸ್ಬಾ ಬೇಸಿನ್ ಎಲ್ಲಿ ಎಂದು ಕೇಳಿದಳು. ಅದರ ನೀರನ್ನು ಮಧ್ಯಾಹ್ನವೇ ಮೋರಿಗೆ ಬಿಟ್ಟಾಗಿತ್ತು. ಅವಳು ಮೋರಿಯ ಬಾಯಲ್ಲಿ ಕೂತು, ಒಣಗಿ ಅಂಟಿದ ಬಿಳಿಯ ಪುಡಿಯನ್ನು ಉಗುರಿನಿಂದ ಕೆರೆದು ನೋಡಿದಳು. ಆಮೇಲೆ ಕೈ ಕೊಡವಿ ಎದ್ದಳು.

ಹುಸೇನ್ ಗೂಡಿನ ಮಾರುಕಟ್ಟೆಯಿಂದ ಬಂದಾಗ ಮನೆಯಲ್ಲಿ ಮಾತು ಏರಿತ್ತು. ಚೀಲ ಸೀಳಿದ್ದು ತಾನೇ ಎಂದು ಆಫ್ತಾಬ್ ಒಪ್ಪಿಕೊಂಡಿದ್ದ. ಒಂದು ಫೋಟೋಗೆ ಇಷ್ಟೊಂದಾ ಎಂದೂ ಸೇರಿಸಿದ್ದ. ಅಮೀರುನ್ನೀಸಾ ತಸ್ಬಿಯ ಮಣಿ ಎಣಿಸುವುದನ್ನು ನಿಲ್ಲಿಸಿ, ನಾಳೆ ನೆಂಟರು ಬರುವ ಮನೆಯಲ್ಲಿ ಕಣ್ಣೀರು ಬೇಡ ಎಂದಿದ್ದರು. ಹುಸೇನ್ ಎಲ್ಲರ ಮಾತನ್ನೂ ಕೇಳಿ, ಕಲ್ಲುಗಳನ್ನು ಎತ್ತಿ ನೋಡಿದರು.

"ಕಲ್ಲು ಇಲ್ಲೇ ಐತಲ್ಲ ಮಿಸ್ಬಾ. ಏನು ಕಳೀತು? ಬೇಕಾದ್ರೆ ಬೆಟ್ಟದ ತಪ್ಪಲಿಂದ ನಾಕು ಒಳ್ಳೇ ಕಲ್ಲು ತರಿಸ್ಕೊಡ್ತೀನಿ. ಈ ಊರಲ್ಲಿ ಕಲ್ಲಿಗೇನು ಬರ?"

ಅವರು ಸಮಾಧಾನಕ್ಕೆಂದೇ ಹೇಳಿದರು. ಮಿಸ್ಬಾ ತಂದೆಯ ಮುಖ ನೋಡಿದಳು.

"ನಿಮಗೆ ಎಲ್ಲಾ ಹೇಳಿದ್ದೆನಲ್ಲ ಅಬ್ಬಾ. ಆ ಬಿಳೀದರಲ್ಲೇ ಎಲ್ಲ ಇತ್ತು ಅಂತ. ಸೋಡ ಅದನ್ನ ಸುಣ್ಣ ಮಾಡ್ತು. ಸಂದೀಲಿ ಅಷ್ಟಿಷ್ಟು ಉಳಿದಿರಬಹುದು, ಅದನ್ನ ಈಗ ಯಂತ್ರಕ್ಕೆ ಹಾಕಿದ್ರೆ ನಮ್ಮ ನಲ್ಲಿ ನೀರಿನ ಕಥೆ ಹೇಳ್ತದೆ."

"ಗೊತ್ತಿಲ್ದೆ ಆಯ್ತಮ್ಮ."

"ಗೊತ್ತಿತ್ತು ನಿಮಗೆ. ಅಮ್ಮಿಗೆ ಗೊತ್ತಿರಲಿಲ್ಲ."

ಹುಸೇನರಿಗೆ ಕೋಪ ಬಂದದ್ದು ಹೆಂಡತಿಯ ಮೇಲೆ. "ಒಂದ್ ಮಾತು ನನ್ನ ಕೇಳೋಕೆ ನಿನ್ ಬಾಯಿ ಬಿದ್ದೋಗಿತ್ತಾ?" ಎಂದರು. ಸಾಬಿರಾ ಒಲೆಯ ಮೇಲಿದ್ದ ಹಾಲು ಇಳಿಸಿದಳು. ಆ ರಾತ್ರಿ ಯಾರೂ ಒಟ್ಟಿಗೆ ಉಣ್ಣಲಿಲ್ಲ.

ಭಾನುವಾರ ಶರ್ಫುನ್ನೀಸಾ ಬಂದರು. ಬಿರಿಯಾನಿ ಎರಡು ಸಲ ಬಡಿಸಿಕೊಂಡರು. ಮನೆ ಈ ಸಲ ಮಲ್ಲಿಗೆ ಹೂವಿನ ಹಾಗಿದೆ ಎಂದು ಬಾಯಿ ತುಂಬ ಹೊಗಳಿದರು. ಮಿಸ್ಬಾ ಎಲ್ಲರಿಗೂ ನೀರು ಕೊಟ್ಟಳು, ಮೊಸರು ಬಡಿಸಿದಳು, ಕೇಳಿದ್ದಕ್ಕೆಲ್ಲ ನಗುತ್ತಾ ಉತ್ತರಿಸಿದಳು. ನಿಶ್ಚಿತಾರ್ಥದ ದಿನ ಅಂದೇ ಗೊತ್ತಾಯಿತು. ಅವರು ಕಾರು ಹತ್ತಿದ ಮೇಲೆ ಅಮೀರುನ್ನೀಸಾ ಸೊಸೆಯ ತಲೆ ಸವರಿ ದುವಾ ಮಾಡಿದರು. ಅಷ್ಟು ವರ್ಷಗಳಲ್ಲಿ ಅವರು ಹಾಗೆ ಮಾಡಿದ್ದು ಅಪರೂಪ. ಸಾಬಿರಾ ತಲೆ ಬಗ್ಗಿಸಿ ನಿಂತಿದ್ದಳು. ಕಣ್ಣು ಮಗಳ ಕಡೆಗಿತ್ತು.

ಮಿಸ್ಬಾ ತನ್ನ ಗೈಡಿಗೆ ಫೋನ್ ಮಾಡಿದ್ದು ಸೋಮವಾರ, ತಾರಸಿಯ ಮೇಲೆ ನಿಂತು. ಬಟ್ಟೆ ಒಣಹಾಕುತ್ತಿದ್ದ ಸಾಬಿರಾ ಹಾಸಿಗೆಯ ಹೊದಿಕೆಯ ಹಿಂದೆ ನಿಂತು ಕೇಳಿಸಿಕೊಂಡಳು. ಮಾತು ಹೆಚ್ಚು ಇಂಗ್ಲಿಷಿನಲ್ಲಿತ್ತು. ತನ್ನ ಹೆಸರಾಗಲಿ, ಅಮ್ಮ ಎಂಬ ಮಾತಾಗಲಿ ಬರಲಿಲ್ಲ. ಫೋನ್ ಇಟ್ಟ ಮೇಲೆ ಏನು ಹೇಳಿದೆ ಎಂದು ಕೇಳಿದಳು.

"ಚೀಲ ಹರಿದಿತ್ತು, ನಾನೇ ನೀರಲ್ಲಿ ತೊಳೆದೆ ಅಂದೆ."

"ನೀನಾ? ಯಾಕೆ? ಸುಳ್ಳು ಯಾಕ್ ಹೇಳ್ದೆ? ನಂಬರ್ ಕೊಡು, ನಾನು ಮಾತಾಡ್ತೀನಿ. ನಾನು ಹಳ್ಳಿ ಹೆಂಗಸು, ತಿಳೀದೆ ಮಾಡ್ದೆ ಅಂತೀನಿ. ನನ್ನ ಏನಂದ್ರೂ ಪರವಾಗಿಲ್ಲ."

"ನಿನ್ನ ಯಾರೂ ಏನೂ ಅನ್ನಲ್ಲ ಅಮ್ಮಿ. ಅಷ್ಟು ದೂರದಿಂದ ತಂದಿದ್ದನ್ನ ಉಗ್ರಾಣದಲ್ಲಿ ಬಿಟ್ಟು ಹೋದೋಳು ಅಂತ ನನ್ನ ಅಂತಾರೆ. ಅದಕ್ಕಿಂತ ಇದೇ ವಾಸಿ."

ತೊಳೆದ ಕಲ್ಲುಗಳನ್ನು ಅವಳು ಸಂಸ್ಥೆಗೆ ತೆಗೆದುಕೊಂಡು ಹೋದಳು. ಎರಡು ವಾರದ ನಂತರ ಬಟ್ಟೆಬರೆ, ಪುಸ್ತಕ, ಚಾಪೆ ಎಲ್ಲ ಕಟ್ಟಿಕೊಂಡು ಹಿಂತಿರುಗಿದಳು. ಮುಂದಿನ ಹಡಗಿನಲ್ಲಿ ಹೋಗುವವರ ಪಟ್ಟಿಯಿಂದ ಅವಳ ಹೆಸರನ್ನು ತೆಗೆದಿದ್ದರು. ಆ ಕೊಳವೆಯ ಉಳಿದ ಚೂರುಗಳು ಬೇರೆ ಊರಿನ ವಿದ್ಯಾರ್ಥಿಯೊಬ್ಬನ ಪಾಲಿಗೆ ಮೊದಲೇ ಹಂಚಿಕೆಯಾಗಿದ್ದವು. ಬೇರೆ ವಿಷಯ ಹಿಡಿದು ಹೊಸದಾಗಿ ಶುರು ಮಾಡಬಹುದು, ಆದರೆ ಫೆಲೋಶಿಪ್ ಬೇಸಿಗೆಗೆ ಮುಗಿಯುತ್ತದೆ ಎಂದಿದ್ದರಂತೆ. ಗೈಡು ಬೈಯಲಿಲ್ಲವಂತೆ. ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ ಎಂದಷ್ಟೇ ಹೇಳಿದರಂತೆ. ಇದನ್ನೆಲ್ಲ ಅವಳು ಊಟದ ಹೊತ್ತಿನಲ್ಲಿ, ಅನ್ನಕ್ಕೆ ಸಾರು ಕಲಸಿಕೊಳ್ಳುತ್ತಾ, ಯಾರದೋ ಸುದ್ದಿಯಂತೆ ಹೇಳಿದಳು.

ಹುಸೇನ್ ಹಣ ನಾನು ಕೊಡುತ್ತೇನೆ, ಹೊಸದಾಗಿ ಶುರು ಮಾಡು ಎಂದರು. ಆಫ್ತಾಬನ ಮದುವೆ ಮುಗಿಯಲಿ ಎಂದೂ ಸೇರಿಸಿದರು. ಆ ಎರಡನೆಯ ಮಾತು ಬಂದ ಮೇಲೆ ಮೊದಲನೆಯದನ್ನು ಯಾರೂ ಮತ್ತೆ ಎತ್ತಲಿಲ್ಲ.

ತಿಂಗಳೊಳಗೆ ಮಿಸ್ಬಾಳಿಗೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಹೊರಗೆ ಬಿಡುವ ನೀರನ್ನು ಪರೀಕ್ಷೆ ಮಾಡುವ ಕೆಲಸ. ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಮನೆ. ಅಮೀರುನ್ನೀಸಾ ಇದನ್ನೇ ನಾನು ಮೊದಲಿಂದ ಹೇಳುತ್ತಿದ್ದದ್ದು ಎಂದರು. ಸಾಬಿರಾ ಸೂರ್ಯ ಹುಟ್ಟುವ ಮುಂಚೆ ಎದ್ದು ಡಬ್ಬಿಗೆ ಚಪಾತಿ, ಪಲ್ಯ, ಒಂದು ಮೊಟ್ಟೆ ಇಡುತ್ತಿದ್ದಳು. ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಚೆನ್ನಾಗಿತ್ತಾ ಎಂದರೆ ಚೆನ್ನಾಗಿತ್ತು ಎನ್ನುತ್ತಿದ್ದಳು. ಮಗಳು ಒಂದು ದಿನವಾದರೂ ಕಿರುಚಲಿ, ಡಬ್ಬಿ ಎಸೆಯಲಿ ಎಂದು ಸಾಬಿರಾ ಕಾದಳು. ಮಿಸ್ಬಾ ಡಬ್ಬಿ ತೊಳೆದು ಬೋರಲು ಹಾಕಿ ತನ್ನ ಕೋಣೆಗೆ ಹೋಗುತ್ತಿದ್ದಳು.

ನಿಶ್ಚಿತಾರ್ಥ ದೊಡ್ಡಮಳೂರಿನ ಹತ್ತಿರದ ಒಂದು ಶಾದಿ ಮಹಲಿನಲ್ಲಿ ನಡೆಯಿತು. ಹೆಂಗಸರ ಸಾಲಿನಲ್ಲಿ ಊಟಕ್ಕೆ ಕೂತಾಗ ಶರ್ಫುನ್ನೀಸಾ ತಮ್ಮ ನೆಂಟರಿಗೆ ಮಿಸ್ಬಾಳನ್ನು ಪರಿಚಯ ಮಾಡಿಸಿದರು. ಇವಳು ಸಮುದ್ರದಲ್ಲಿ ಏನೋ ಓದುತ್ತಿದ್ದಳಲ್ಲ, ಯಾಕೆ ಬಿಟ್ಟಳು ಎಂದು ಯಾರೋ ಕೇಳಿದರು. ಮನೆಯ ಊಟ ಬಿಟ್ಟಿರಕ್ಕಾಗಲಿಲ್ಲ ಎಂದರು ಅಮೀರುನ್ನೀಸಾ.

ಸಾಬಿರಾ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಹಾಕಿದಳು.

"ಅವಳು ಬಿಡಲಿಲ್ಲ. ಅವಳ ಕಲ್ಲನ್ನ ನಾನು ಸೋಡ ಹಾಕಿ ಬೇಯಿಸ್ಬುಟ್ಟೆ. ಹಾಳಾಗೋಯ್ತು. ಅದಕ್ಕೆ ಬಂದಳು."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಶರ್ಫುನ್ನೀಸಾ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಯಾ ಅಲ್ಲಾ, ಕಲ್ಲು ಬೇಯಿಸಿದ್ರಾ? ಬೆಂತಾ?" ಎಂದರು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನೂಲು ತೆಗೆಯುವ ರೀಲರ್ ಮನೆಯವರು ಸಿಕ್ಕಿದ್ದನ್ನೆಲ್ಲ ಬೇಸಿನ್ನಿಗೆ ಹಾಕುತ್ತಾರೆ, ನಿಖಾತಳನ್ನು ಹುಷಾರಾಗಿ ನೋಡಿಕೊಳ್ಳಿ ಎಂದಳು ಒಬ್ಬಳು. ನಗು ಇನ್ನೂ ಹೆಚ್ಚಾಯಿತು. ಸಾಬಿರಾ ನಿಜ ಹೇಳುತ್ತಿದ್ದೇನೆ ಎಂದಳು. ನಿಜ ಎಂದದ್ದಕ್ಕೂ ನಕ್ಕರು.

ಆಮೇಲೆ ಅದು ಎರಡೂ ಮನೆಗಳ ತಮಾಷೆಯಾಯಿತು. ಯಾರೇ ಹೊಸಬರು ಬಂದರೂ ಶರ್ಫುನ್ನೀಸಾ ಆ ಕಥೆ ಹೇಳು ಎಂದು ಮಿಸ್ಬಾಳಿಗೇ ಹೇಳುತ್ತಿದ್ದರು. ಮೊದಮೊದಲು ಅವಳು ಏನಾದರೂ ನೆಪ ಹೇಳಿ ಎದ್ದುಹೋಗುತ್ತಿದ್ದಳು. ನಿಖಾತ್ ಮನೆ ತುಂಬಿದ ಮೇಲಿನ ಮೊದಲ ಹಬ್ಬದಲ್ಲಿ, ನೆಂಟರೆಲ್ಲ ಸುತ್ತ ಕೂತಾಗ, ಮಿಸ್ಬಾಳೇ ಹೇಳಿದಳು. ಚೆನ್ನಾಗಿ ಹೇಳಿದಳು. ದಾದಿ ಮೊಟ್ಟೆ ಕೊಳೆತದೆ ಎಂದದ್ದನ್ನು ಅವರದೇ ದನಿಯಲ್ಲಿ ಅಂದಳು, ಆಫ್ತಾಬನ ಬ್ಲೇಡು, ಅಮ್ಮಿಯ ಜಾಲರಿ ಸೌಟು, ಬಿಳಿ ಬಟ್ಟೆಯ ಮೇಲೆ ಒಣಹಾಕಿದ್ದು, ಅಬ್ಬಾ ಬೆಟ್ಟದಿಂದ ಕಲ್ಲು ತರಿಸುತ್ತೇನೆ ಎಂದದ್ದು, ಒಂದನ್ನೂ ಬಿಡಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಸೇನರೂ ನಕ್ಕರು.

ಅಡುಗೆಮನೆಯಲ್ಲಿ ಶೀರ್ ಕುರ್ಮಾ ಪಾಯಸ ಬಟ್ಟಲಿಗೆ ಹಾಕುತ್ತಿದ್ದ ಸಾಬಿರಾ ಕೈ ನಿಲ್ಲಿಸಿ ಕೊನೆಯವರೆಗೂ ಕೇಳಿದಳು. ಎಲ್ಲವೂ ಇತ್ತು. ಕಲ್ಲು ಎಲ್ಲಿಂದ ಬಂದದ್ದು ಎಂದು ಮಾತ್ರ ಮಿಸ್ಬಾ ಹೇಳಲಿಲ್ಲ. ಸಮುದ್ರದ ಹೆಸರು ಒಂದು ಸಲವೂ ಬರಲಿಲ್ಲ. ಮನೆಯಲ್ಲಿ ಮೂರು ಕಲ್ಲಿದ್ದವು ಎಂದಿದ್ದಳು, ಅಷ್ಟೆ.